ಮೆಹಮಾನಿ ಮುಗಿಯದ ಮನೆ

ಬಂದ ದಿನ ಬಿರಿಯಾನಿ ಆಯಿತು. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಕುವೈತಿಗೆ ಪರದೇಶದ ಫೌಜು ನುಗ್ಗಿದ ಮೇಲೆ ಮರುಭೂಮಿಯ ಡೇರೆಯಲ್ಲಿ ಹದಿನೆಂಟು ದಿನ ಒಣ ರೊಟ್ಟಿ ಕಡಿದು, ಅಮ್ಮಾನ್ ಪಟ್ಟಣದಿಂದ ಮುಂಬಯಿಗೆ ವಿಮಾನ ಹತ್ತಿ, ಅಲ್ಲಿಂದ ಗುಲಬರ್ಗಾಕ್ಕೆ ರೈಲಿನ ಬಾಗಿಲ ಹತ್ತಿರ ಕೂತು ಬಂದ ಮಗ, ಸೊಸೆ, ಮೊಮ್ಮಗಳಿಗೆ ಬಿರಿಯಾನಿ ಮಾಡದೆ ಇನ್ನಾರಿಗೆ ಮಾಡಬೇಕು? ಎರಡನೆಯ ದಿನ ಖುರ್ಮಾ ಆಯಿತು. ಮೂರನೆಯ ದಿನ ಖೀಮಾ. ಇಪ್ಪತ್ತನೆಯ ದಿನವೂ ಊಟಕ್ಕೆ ಹಾಸಿದ ದಸ್ತರ್‌ಖಾನಿನ ಮೇಲೆ ಮಾಂಸದ ಬೋಗುಣಿ ಬಂದು ಕೂತಾಗ ಸೊಸೆ ಫರೀದಾ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು.

ಅದು ತೊಂಬತ್ತನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಗುಲಬರ್ಗಾದ ರೋಜಾ ಬಡಾವಣೆಯ ದರ್ಗಾದಿಂದ ಎರಡು ಓಣಿ ಆಚೆಗೆ ಅಕ್ಬರಿ ಬೇಗಂ ಅವರ ಮನೆ. ಹಿರಿಯ ಮಗ ಬುರ್ಹಾನುದ್ದೀನ್ ನಂದೂರಿನ ಬೇಳೆ ಮಿಲ್ಲಿನಲ್ಲಿ ತೂಕದ ಕಾಂಟಾ ನೋಡಿಕೊಳ್ಳುತ್ತಿದ್ದ. ಅವನ ಹೆಂಡತಿ ಕುಲ್ಸುಮ್, ಮೂರು ಮಕ್ಕಳು. ಕಿರಿಯ ಮಗ ಮೈಬೂಬ ಹನ್ನೆರಡು ವರ್ಷ ಕುವೈತಿನಲ್ಲಿ ಏಸಿ ರಿಪೇರಿ ಮಾಡಿದವನು. ಅವನ ಹೆಂಡತಿ ಫರೀದಾ ಮದುವೆಯಾದ ವರ್ಷವೇ ವಿಮಾನ ಹತ್ತಿದ್ದಳು. ಮಗಳು ಲತೀಫಾ ಹುಟ್ಟಿದ್ದೂ ಹತ್ತು ವರ್ಷ ಬೆಳೆದದ್ದೂ ಅಲ್ಲಿಯೇ. ಮನೆಯ ಮಾತು ದಖನಿ ಉರ್ದು. ಕಮಲಾಪುರದಲ್ಲಿ ಬೆಳೆದ ಫರೀದಾಳಿಗೆ ಕನ್ನಡವೂ ಅಷ್ಟೇ ಸಲೀಸು. ಓದುವವರ ಅನುಕೂಲಕ್ಕೆ ಇಲ್ಲಿ ಎಲ್ಲರ ಬಾಯಿಗೂ ಈ ಸೀಮೆಯ ಕನ್ನಡವನ್ನೇ ಕೊಟ್ಟಿದೆ.

ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಗೆ ಅವರು ಬರುತ್ತಿದ್ದರು. ಬರುವಾಗ ನಾಲ್ಕು ಪೆಟ್ಟಿಗೆ ತುಂಬ ಸಾಬೂನು, ಸೀರೆ, ಬ್ಯಾಟರಿ, ಬಾದಾಮಿ. ಮೂವತ್ತು ದಿನ ಕೂತು ಉಂಡು, ಕಣ್ಣೀರು ಹಾಕಿ, ಹೊರಟು ಹೋಗುತ್ತಿದ್ದರು. ಮನೆಗೆ ಅವರನ್ನು ನೋಡಿಕೊಳ್ಳುವ ರೀತಿ ಅದೊಂದೇ ಗೊತ್ತಿತ್ತು. ಈ ಸಲ ಪೆಟ್ಟಿಗೆಯೂ ಇಲ್ಲ, ವಾಪಸು ಟಿಕೀಟೂ ಇಲ್ಲ. ಹೊಸ ರೀತಿ ಯಾವುದು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಹಳೆಯದೇ ನಡೆಯಿತು.

ಮೆಹಮಾನರ ವಿಷಯದಲ್ಲಿ ಅಕ್ಬರಿ ಬೇಗಂ ಅವರದು ಭಾರಿ ಬಿಗಿ. ಮನೆಗೆ ಬಂದ ಅತಿಥಿ ತಾನಾಗಿ ಅಪ್ಪಣೆ ಕೇಳುವವರೆಗೆ ಮೊದಲ ದಿನದ ಊಟವೇ ಕೊನೆಯ ದಿನಕ್ಕೂ ಆಗಬೇಕು. ಅವರ ಮಾವನ ಕಾಲದಲ್ಲಿ ಹೈದರಾಬಾದಿನ ನೆಂಟನೊಬ್ಬ ಎರಡು ದಿನಕ್ಕೆಂದು ಬಂದು ಮೂರು ತಿಂಗಳು ಕೂತಿದ್ದನಂತೆ. ಒಂದು ದಿನವಾದರೂ ಅವನ ತಟ್ಟೆಗೆ ಬರಿ ಬೇಳೆ ಬೀಳಲಿಲ್ಲ ಎಂದು ಇವತ್ತಿಗೂ ಎದೆ ಸೆಟೆಸಿ ಹೇಳುತ್ತಿದ್ದರು. ಆ ಮೂರು ತಿಂಗಳು ಮನೆಯವರು ಏನು ತಿಂದರು ಎಂಬುದನ್ನು ಮಾತ್ರ ಅವರು ಹೇಳಿದ್ದನ್ನು ಯಾರೂ ಕೇಳಿಲ್ಲ.

ಫರೀದಾ ಮೊದಲ ವಾರವೇ ಅಡಿಗೆಮನೆಗೆ ಹೋಗಿ ಸೌಟಿಗೆ ಕೈ ಹಾಕಿದ್ದಳು. ಕುಲ್ಸುಮ್ ನಗುನಗುತ್ತಲೇ ಅದನ್ನು ಕಸಿದುಕೊಂಡಳು.

"ನೀ ಹೊರಗ ಕೂಡು. ಇರೂದು ನಾಕು ದಿನ, ಹೊಗಿ ಯಾಕ ಕುಡೀತಿ?"

"ನಾಕು ದಿನ ಅಲ್ಲ ಭಾಬಿ, ಈ ಸಲ—"

"ಗೊತ್ತದ, ಗೊತ್ತದ. ಅಲ್ಲಿ ತಣ್ಣಗ ಆದ ಕೂಡ್ಲೆ ಕರೀತಾರ. ಅಮ್ಮಾ ನೋಡಿದರ ನನಗ ಬೈತಾರ, ಹೋಗು."

ಪಾತ್ರೆ ತಿಕ್ಕಲು ಹೋದರೆ ಕುಲ್ಸುಮಳ ಹಿರಿ ಮಗಳು ಓಡಿಬಂದು ಕೈಯಿಂದ ಎಳೆದುಕೊಳ್ಳುತ್ತಿದ್ದಳು. ನಳ ಬಂದಾಗ ಕೊಡ ಹಿಡಿದರೆ ಬುರ್ಹಾನುದ್ದೀನನೇ ಎದ್ದು ಬರುತ್ತಿದ್ದ. "ನೀವ್ಯಾಕ್ರೀ ದುಲ್ಹನ್, ಮಕ್ಕಳು ಇದ್ದಾರಲ್ಲ" ಎನ್ನುತ್ತಿದ್ದ. ಹನ್ನೆರಡು ವರ್ಷದ ಹಳೆಯ ಸೊಸೆ ಆ ಮನೆಯಲ್ಲಿ ಇನ್ನೂ ದುಲ್ಹನ್, ನಿನ್ನೆ ಮೊನ್ನೆ ಪಲ್ಲಕ್ಕಿಯಿಂದ ಇಳಿದ ಮದುಮಗಳು! ಫರೀದಾಳಿಗೆ ಒಳಗೊಳಗೇ ಕುದಿಯುತ್ತಿತ್ತು. ಆದರೆ ಮರ್ಯಾದೆ ಕೊಡುವವರ ಜೊತೆ ಜಗಳ ಮಾಡುವುದು ಹೇಗೆ?

ಕುವೈತಿನ ಎರಡು ಕೋಣೆಯ ಮನೆಯಲ್ಲಿ ಅವಳು ಬೆಳಗಿನಿಂದ ರಾತ್ರಿಯವರೆಗೆ ನಿಂತವಳಲ್ಲ. ಇಲ್ಲಿ ಮುಂದಿನ ಕೋಣೆಯ ಚಾಪೆಯ ಮೇಲೆ ಕೂತು ಕೂತು ಕಾಲು ಜೋಮು ಹಿಡಿಯಿತು. ಓಣಿಯ ಹೆಂಗಸರು ಬಂದು ನೋಡಿ ಹೋಗುತ್ತಿದ್ದರು. ಎಲ್ಲರದೂ ಒಂದೇ ಪ್ರಶ್ನೆ: ಮತ್ತೆ ಯಾವಾಗ ಹೊರಡೂದು?

ಗೋಡೆಗೆ ಒರಗಿಸಿಟ್ಟ ಎರಡು ಚೀಲಗಳನ್ನು ಬಿಚ್ಚಿ ಬಟ್ಟೆಗಳನ್ನು ಗೂಡಿಗೆ ಜೋಡಿಸೋಣವೆಂದರೆ ಮೈಬೂಬ ಬಿಡಲಿಲ್ಲ.

"ಇರಲಿ ಬಿಡು. ಕಟ್ಟಿದ್ದು ಕಟ್ಟಿದಂಗ ಇರಲಿ. ಅಲ್ಲಿಂದ ಕರಿ ಬಂದಾಗ ಮತ್ತ ಯಾರ ಕಟ್ಟಬೇಕು?"

"ಕರಿ ಬರಲಿಲ್ಲಂದ್ರ?"

"ಬರತದ. ನನ್ನಂಥ ಮೆಕ್ಯಾನಿಕ್ಕು ಅವರಿಗಿ ಎಲ್ಲಿ ಸಿಗಬೇಕು?"

"ಅಲ್ಲೀತನ ಭಾಯಿಜಾನ್ ಮಿಲ್ಲಿನಾಗ ಮೋಟಾರ್ ಕೆಲಸ ಅದ ಅಂದ್ರಲ್ಲ. ಹೋಗಬಾರದೇನು?"

ಮೈಬೂಬ ಅವಳ ಮುಖ ನೋಡಲಿಲ್ಲ. "ಒಮ್ಮೆ ಮಿಲ್ಲಿನ ಧೂಳು ಹತ್ತಿತಂದ್ರ ಎಲ್ಲಾರೂ ಇವ ಇಲ್ಲೇ ಕುಂತ ಅಂತಾರ" ಎಂದು ಅಂಗಿ ಹಾಕಿಕೊಂಡು ಸ್ಟೇಷನ್ ಕಡೆ ಹೊರಟ. ಅಲ್ಲೊಬ್ಬ ಏಜೆಂಟನ ಅಂಗಡಿ. ಕುವೈತಿನಿಂದ ಬಂದವರೆಲ್ಲ ಅಲ್ಲಿ ರೇಡಿಯೋ ಸುತ್ತ ಕೂತು ಚಹಾ ಕುಡಿಯುತ್ತಿದ್ದರು. ಅವನೂ ಪಾಪ, ಕೈಗೆ ಕೆಲಸವಿಲ್ಲದೆ ಬೆರಳು ಮುರಿಯುತ್ತ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

ಗುಟ್ಟು ಹೊರಬಿದ್ದದ್ದು ಲತೀಫಾಳಿಂದ. ಒಂದು ಮಧ್ಯಾಹ್ನ ಅವಳು ಅಡಿಗೆಮನೆಯಿಂದ ಏನನ್ನೋ ಜಗಿಯುತ್ತ ಬಂದಳು.

"ಅಮ್ಮೀ, ಅವರಿಗಿ ಬ್ಯಾರೆ ಊಟ, ನಮಗ ಬ್ಯಾರೆ ಊಟ ಯಾಕ?"

"ಯಾರಿಗಿ?"

"ಕುಲ್ಸುಮ್ ಬಡೀ ಅಮ್ಮಾಗ, ಮಕ್ಕಳಿಗಿ. ಒಳಗ ರೊಟ್ಟಿ, ಪುಂಡಿಪಲ್ಯ ತಿನ್ನಾಕತ್ತಾರ. ನನಗೂ ಕೊಟ್ರು. ಹುಳಿ ಹುಳಿ, ಭಾಳ ಚಲೋ ಅದ. ಖುರ್ಮಾ ಬೇಕೇನು ಅಂತ ಕೇಳಿದೆ. ಅದು ಮೆಹಮಾನರಿಗಿ ಅಂದ್ರು."

ಫರೀದಾ ಎದ್ದು ಬಾಗಿಲ ಸಂದಿಯಿಂದ ನೋಡಿದಳು. ಕುಲ್ಸುಮಳೂ ಅವಳ ಮೂರು ಮಕ್ಕಳೂ ಒಂದೇ ಪರಾತದ ಸುತ್ತ ಕೂತಿದ್ದರು. ಮಿಲ್ಲಿನ ನುಚ್ಚುಬೇಳೆಯ ತೆಳ್ಳನೆ ಸಾರು, ಪುಂಡಿಪಲ್ಯ, ಜೋಳದ ರೊಟ್ಟಿ. ಗೋಡೆಯ ಕಡೆ ಮುಖ ಮಾಡಿ ಅಕ್ಬರಿ ಬೇಗಂ ಅದೇ ಸಾರಿನಲ್ಲಿ ರೊಟ್ಟಿ ಅದ್ದಿ ತಿನ್ನುತ್ತಿದ್ದರು. ಒಂದು ತಾಸಿನ ಹಿಂದೆ ಮುಂದಿನ ಕೋಣೆಯಲ್ಲಿ ಇದೇ ಅತ್ತೆ "ನನಗ ಹಸಿವಿಲ್ಲ, ನೀವು ಉಣ್ರಿ" ಎಂದು ಮಾಂಸದ ತುಂಡುಗಳನ್ನು ಸೊಸೆಯ ತಟ್ಟೆಗೆ ಹಾಕಿದ್ದರು. ಫರೀದಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಳಗೆ ಹೋಗಿ ಏನಾದರೂ ಅನ್ನಬೇಕೆನಿಸಿತು. ಏನೆಂದರೂ ಅತ್ತೆಯ ಮರ್ಯಾದೆಗೆ ಏಟು. ಸುಮ್ಮನೆ ಬಂದು ಚಾಪೆಯ ಮೇಲೆ ಕೂತಳು.

ಮರುದಿನ "ಎರಡು ದಿನ ತವರಿಗಿ ಹೋಗಿ ಬರ್ತೀನಿ" ಎಂದು ಮಗಳನ್ನು ಕರೆದುಕೊಂಡು ಕಮಲಾಪುರದ ಬಸ್ಸು ಹತ್ತಿದಳು. ಎರಡು ದಿನವಾದರೂ ಈ ಮನೆಯ ಒಲೆಗೆ ಉಸಿರಾಡಲು ಬಿಟ್ಟಂತಾಗಲಿ ಎಂಬುದು ಅವಳ ಲೆಕ್ಕ. ತವರು ಎಂದರೆ ಈಗ ತಮ್ಮನ ಮನೆ. ತಂದೆ ತಾಯಿ ತೀರಿ ಐದು ವರ್ಷವಾಗಿತ್ತು. ತಮ್ಮನಿಗೆ ಊರ ಹೊರಗೆ ಕೆಂಪು ಬಾಳೆಯ ತೋಟವಿತ್ತು. ಅವನ ಹೆಂಡತಿ ಮೆಹಬೂಬಿ ನಾದಿನಿಯನ್ನು ಕಂಡವಳೇ ಕೋಳಿ ಹಿಡಿಯಲು ಓಡಿದಳು.

"ಬ್ಯಾಡ ಮೆಹಬೂಬಿ, ರೊಟ್ಟಿ ಇದ್ದರ ಕೊಡು."

"ಅಯ್ಯ, ಎರಡು ವರ್ಷಕ್ಕೊಮ್ಮೆ ಬರ್ತೀರಿ ಆಪಾ, ರೊಟ್ಟಿ ಕೊಟ್ಟು ಕಳಿಸಿದರ ಊರವರು ನನಗ ಏನಂತಾರ?"

ಅವಳು ಹಾಸಿಗೆ ಮಡಿಸಲೂ ಬಿಡಲಿಲ್ಲ. ಕೋಳಿಸಾರು ಬಡಿಸುತ್ತ ಅವಳೂ ಕೇಳಿದಳು, "ವಾಪಸ್ ಯಾವಾಗ್ರೀ ಆಪಾ?"

"ಎಲ್ಲಿಗಿ ವಾಪಸ್? ಅಲ್ಲಿ ಫೌಜು ಕುಂತದ."

"ಹೌದ್ರೀ ಪಾಪ. ಆದ್ರೂ ನೀವು ಹೋಗೋರ ಅಲ್ಲೇನು?"

ಮಾತಿನಲ್ಲಿ ಕೊಂಕಿಲ್ಲ, ನಂಜಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನಲ್ಲ ಎಂಬಷ್ಟು ಸಹಜವಾಗಿ ಕೇಳಿದ್ದಳು. ಫರೀದಾಳಿಗೆ ಎರಡನೆಯ ದಿನ ಅಲ್ಲಿಯೂ ನಿಲ್ಲಲಾಗಲಿಲ್ಲ. ತಮ್ಮ ಕಟ್ಟಿಕೊಟ್ಟ ಬಾಳೆಗೊನೆ ಹಿಡಿದು, ಮಗಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದಳು.

ಅಲ್ಲಿ ಬುಟ್ಟಿ ಇಟ್ಟುಕೊಂಡು ಬಾಳೆಹಣ್ಣು ಮಾರುತ್ತಿದ್ದವಳು ಭೀಮಬಾಯಿ. ನಾಲ್ಕನೇ ಇಯತ್ತೆಯವರೆಗೆ ಇಬ್ಬರೂ ಒಂದೇ ಪಾಟಿಯ ಮೇಲೆ ಬರೆದವರು. ಫರೀದಾಳನ್ನು ಮೇಲಿಂದ ಕೆಳಗೆ ನೋಡಿ ಆಕೆ "ಬಂದೀಯೇನು?" ಎಂದಳು. ಫರೀದಾ "ಬಂದೆ" ಎನ್ನುವಷ್ಟರಲ್ಲಿ ಹುಮನಾಬಾದ ಕಡೆಯ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು.

"ಬಾಯಿ ತಕ್ಕೊಂಡು ಯಾಕ ನಿಂತೀ? ಈ ಬುಟ್ಟಿ ಹಿಡಿ, ಆ ಕಡಿ ಕಿಟಕಿ ನೀ ನೋಡು. ಎರಡ ಮಿಂಟ ನಿಂದರತದ ಬಸ್ಸು."

ಬುಟ್ಟಿ ಆಗಲೇ ಅವಳ ಕೈಯಲ್ಲಿತ್ತು. ಬುರ್ಖಾದ ಮುಸುಕು ಹಿಂದೆ ಸರಿಸಿ ಫರೀದಾ ಬಸ್ಸಿನ ಆಚೆ ಬದಿಗೆ ಓಡಿದಳು. "ಕೆಂಪ ಬಾಳಿ, ಕಮಲಾಪುರದ ಕೆಂಪ ಬಾಳಿ" ಎಂದು ಮೊದಲು ಮೆಲ್ಲಗೆ, ಆಮೇಲೆ ಗಂಟಲು ಬಿಟ್ಟು ಕೂಗಿದಳು. ಕಿಟಕಿಗಳಿಂದ ಕೈಗಳು ಚಾಚಿದವು. ಬಸ್ಸು ಹೊರಟಾಗ ಬುಟ್ಟಿ ಅರ್ಧ ಖಾಲಿಯಾಗಿತ್ತು. ಫರೀದಾ ಏದುಸಿರು ಬಿಡುತ್ತಿದ್ದಳು. ನಗು ತಡೆಯಲಾಗಲಿಲ್ಲ. ಕುವೈತ್ ಬಿಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಲತೀಫಾ ತನ್ನ ತಾಯಿಗೆ ತಲೆ ಕೆಟ್ಟಿತೇನೋ ಎಂಬಂತೆ ನೋಡುತ್ತಿದ್ದಳು.

"ಕೆಲಸ ಹೇಳಿದಾಕಿ ನೀ ಒಬ್ಬಾಕಿ ನೋಡು ಭೀಮಾ" ಎಂದಳು ಫರೀದಾ. ಆಕೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿಕೊಂಡಳು.

ಭೀಮಬಾಯಿ ಹಣ್ಣು ಜೋಡಿಸುತ್ತಲೇ ಕೇಳಿದಳು. "ಕೊಡಲಿ ಅಂತ ಕುಂತೀಯೇನು? ಯಾರ ಕೊಡತಾರ? ನಮ್ಮತ್ತಿ ಈ ಬುಟ್ಟಿ ನನಗ ಕೊಟ್ಟಿದ್ದಿಲ್ಲ. ಒಂದಿನ ಆಕಿಗಿಂತ ಮೊದಲ ಎದ್ದು ತಲಿ ಮ್ಯಾಲ ಇಟಗೊಂಡು ಬಂದೆ. ಬಸ್‌ಸ್ಟ್ಯಾಂಡಿಗೇ ಬಂದು ಬೈದಳು. ಮರದಿನ ಸುಮ್ಮಾದಳು."

ಅಡಿಗೆಮನೆ ಬಸ್‌ಸ್ಟ್ಯಾಂಡ್ ಅಲ್ಲ ಎಂಬುದು ಭೀಮಬಾಯಿಗೆ ಹೇಗೆ ಗೊತ್ತಾಗಬೇಕು? ಆದರೂ ಗುಲಬರ್ಗಾ ಮುಟ್ಟುವವರೆಗೆ ಫರೀದಾ ಅದನ್ನೇ ಯೋಚಿಸುತ್ತಿದ್ದಳು.

ಮರುದಿನ ನಸುಕಿನ ಫಜರ್ ನಮಾಜು ಮುಗಿಸಿದವಳೇ ಅವಳು ಅಡಿಗೆಮನೆಗೆ ಹೋಗಿ ಒಲೆ ಹೊತ್ತಿಸಿದಳು. ಎಸರು ಕುದಿಸಿ ಜೋಳದ ಹಿಟ್ಟು ನಾದಿದಳು. ರೊಟ್ಟಿ ತಟ್ಟಿ ಎಷ್ಟು ವರ್ಷವಾಗಿತ್ತೋ! ಕುವೈತಿನಲ್ಲಿ ಬೇಕರಿಯ ರೊಟ್ಟಿ ಬಾಗಿಲಿಗೇ ಬರುತ್ತಿತ್ತು. ಮೊದಲನೆಯದು ಹೆಂಚಿಗೆ ಹಾಕುವಾಗಲೇ ಹರಿಯಿತು. ಎರಡನೆಯದು ಮಡಿಚಿಕೊಂಡಿತು. ಮೂರನೆಯದಕ್ಕೆ ಬಾಲ ಬಂತು. ನಾಲ್ಕನೆಯದು ಸ್ವಲ್ಪ ದುಂಡಗಾಗಿ ಉಬ್ಬುತ್ತಿರುವಾಗ ಹಿಂದಿನಿಂದ ಕುಲ್ಸುಮಳ ದನಿ ಕೇಳಿತು.

"ಏನ್ ಮಾಡಾಕತ್ತೀ?"

"ರೊಟ್ಟಿ, ಭಾಬಿ."

"ಯಾರಿಗಿ ಕೇಳಿ ಒಲಿ ಹಚ್ಚೀದಿ?"

"ಮನ್ಯಾಗಿನ ಒಲಿ ಹಚ್ಚಾಕ ಯಾರಿಗಿ ಕೇಳಬೇಕು?"

ಕುಲ್ಸುಮಳ ಮುಖ ಕೆಂಪಾಯಿತು. "ನನಗ ಕೇಳಬೇಕು. ಹದಿನಾರು ವರ್ಷ ಆತು ಈ ಹೊಗಿ ಕುಡಿಯಾಕತ್ತು. ಓಣಿ ಮಂದಿ ಈ ಮನಿಗಿ ಕುವೈತ್ ಮನಿ ಅಂತಾರ. ಮ್ಯಾಲಿನ ಮಾಳಿಗಿ ನಿಮ್ಮದು, ಫ್ಯಾನು ನಿಮ್ಮದು, ಅಂಗಳದ ಫರಸಿ ನಿಮ್ಮದು. ನನ್ನದಂತ ಇರೂದು ಈ ಒಲಿ ಒಂದು. ಅದಕ್ಕೂ ಕೈ ಹಾಕ್ತೀಯೇನು?"

ಫರೀದಾಳಿಗೆ ಇದು ಹೊಳೆದಿರಲಿಲ್ಲ. ತನ್ನನ್ನು ಹೊರಗಿಟ್ಟವಳು ಎಂದುಕೊಂಡವಳು ತನಗೇ ಹೆದರಿಕೊಂಡು ನಿಂತಿದ್ದಳು. ಆದರೂ ಬಾಯಿಗೆ ಬಂದದ್ದು ಬಂದೇಬಿಟ್ಟಿತು.

"ನಿಮ್ಮ ಒಲಿ ಕಸಗೊಳ್ಳಾಕ ಬಂದಿಲ್ಲ ಭಾಬಿ. ನಿಮ್ಮ ಮಕ್ಕಳ ಬಾಯಾಗಿಂದು ಕಸಗೊಂಡು ತಿನ್ನೂದು ನನಗ ಸಾಕಾಗೇದ. ನಾ ನೋಡೀನಿ, ಒಳಗ ನೀವೆಲ್ಲಾ ಏನ್ ತಿಂತೀರಿ ಅಂತ."

"ನೋಡಿದ ಮ್ಯಾಲೂ ತಿಂದಿ ಅಲ್ಲ? ಸಾಕು ಅಂತ ಒಂದಿನ ಅಂದಿಯೇನು?"

"ಅಂದಿದ್ದರ ಅಮ್ಮಾಗ ಏನನಸ್ತಿತ್ತು?"

"ಅದಕ್ಕ ನಾನೂ ಅನ್ನಲಿಲ್ಲ" ಎಂದಳು ಕುಲ್ಸುಮ್. ಹಾಗೆಂದವಳೇ ಗೋಡೆಗೆ ಒರಗಿ ಅಳತೊಡಗಿದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ರೊಟ್ಟಿಯನ್ನು ಇಳಿಸಿದವರು ಅಕ್ಬರಿ ಬೇಗಂ. ಅವರು ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. ಬರಿಗೈಯಿಂದಲೇ ಅದನ್ನು ತೆಗೆದು ಪರಾತಕ್ಕೆ ಹಾಕಿ, ಒಲೆಯ ಮುಂದಿನ ಮಣೆಯ ಮೇಲೆ ಕೂತರು.

"ಮೈಬೂಬ ಮೊದಲನೇ ಸಲ ಹೋದಾಗ ನಾ ಮೂರು ತಿಂಗಳು ಹಾಸಿಗಿ ಹಿಡದಿದ್ದೆ. ಕುಲ್ಸುಮ್‌ಗ ಗೊತ್ತದ" ಎಂದರು. "ಎರಡು ವರ್ಷಕ್ಕ ಬಂದ. ಮನಿಯವರಂಗ ನೋಡಿಕೊಂಡೆ, ಮತ್ತ ಹೋದ. ಮತ್ತ ಹಾಸಿಗಿ ಹಿಡದೆ. ಆಮ್ಯಾಲ ತಿಳೀತು. ಬಂದವರಿಗಿ ಮೆಹಮಾನ್ ಅಂತ ತಿಳಕೊಂಡರ, ಹೋಗುವಾಗ ನೋವಾಗೂದಿಲ್ಲ. ಮೆಹಮಾನ್ ಅಂದ ಮ್ಯಾಲ ಹೋಗಾವನೇ. ಚಂದಾಗಿ ಉಣಸಿ ಕಳಸಬೇಕು, ಅಷ್ಟ."

ಕುಲ್ಸುಮ್ ಕಣ್ಣೊರೆಸಿಕೊಂಡು ಒಲೆಗೆ ಕಟ್ಟಿಗೆ ತಳ್ಳಿದಳು.

"ನಾ ಹೋಗೂದಿಲ್ಲ ಅಮ್ಮಾ" ಎಂದಳು ಫರೀದಾ.

"ಹಂಗ ಹೇಳಬ್ಯಾಡ. ನಾಳಿ ಏನಾಗತದ ಯಾರಿಗಿ ಗೊತ್ತು?" ಅವರು ಇಬ್ಬರು ಸೊಸೆಯರನ್ನೂ ಒಮ್ಮೆ ನೋಡಿದರು. "ನಮ್ಮತ್ತಿ ಕಾಲದಾಗ ನಾವು ಮೂರು ಮಂದಿ ಸೊಸ್ತ್ಯಾರು. ಒಲಿಗಿ ಪಾಳಿ ಇತ್ತು. ಯಾರ ಪಾಳಿ ಇರತದ ಅವತ್ತು ಅಡಿಗಿ ಆಕೀದು, ಮಾತೂ ಆಕೀದು. ಉಳಿದವರು ಬಾಯಿ ಹಾಕೋಹಂಗಿಲ್ಲ. ಕುಲ್ಸುಮ್, ವಾರದಾಗ ನಾಕು ದಿನ ನಿಂದು. ಫರೀದಾ, ಸೋಮವಾರ, ಗುರುವಾರ, ಶನಿವಾರ ನಿಂದು. ಆದರ ಒಂದು ಮಾತು ಕೇಳು. ಪಾಳಿ ಹಿಡಿದ ಮ್ಯಾಲ ನಡುವ ಬಿಟ್ಟು ಹೋಗಬಾರದು. ಬಿಡಾಕಿ ಇದ್ದರ ಈಗ ಹೇಳು, ಮಧ್ಯಾಹ್ನಕ್ಕ ಖುರ್ಮಾ ಮಾಡಸ್ತೀನಿ."

ಮಧ್ಯಾಹ್ನ ಖುರ್ಮಾ ಆಗಲಿಲ್ಲ. ದಸ್ತರ್‌ಖಾನಿನ ಸುತ್ತ ಒಂಬತ್ತು ಮಂದಿಯೂ ಒಟ್ಟಿಗೆ ಕೂತು ಹರಕು ರೊಟ್ಟಿ, ಹುಳಿಬೇಳೆ ತಿಂದರು. ಕಾರಣ ಗೊತ್ತಿಲ್ಲದ ಮೈಬೂಬ ಮಾಂಸದ ಬೋಗುಣಿಗಾಗಿ ಎರಡು ಸಲ ಬಾಗಿಲ ಕಡೆ ನೋಡಿದ. ಆ ಸಂಜೆ ಫರೀದಾ ಗಂಡನನ್ನು ಕೇಳದೆಯೇ ಎರಡೂ ಚೀಲ ಬಿಚ್ಚಿ, ಬಟ್ಟೆಗಳನ್ನು ಒಗೆದು ಹರವಿದಳು.

ಪಾಳಿ ಸಿಕ್ಕಿತೆಂದು ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಅವಳ ಕೈ ಆ ಮನೆಯ ಒಲೆಗೆ ಹೊಂದಲು ಬಹಳ ದಿನ ಬೇಕಾಯಿತು. ಮಸಾಲೆ ಅನ್ನದ ತಹರಿ ಮಾಡಿದರೆ ಅಕ್ಕಿ ಮುದ್ದೆಯಾಗುತ್ತಿತ್ತು, ಬೇಳೆ ತಳ ಹಿಡಿಯುತ್ತಿತ್ತು. ಆದರೂ ಊಟಕ್ಕೆ ಕೂತವರು "ಚಲೋ ಆಗ್ಯಾದ" ಎನ್ನುತ್ತಿದ್ದರು. ಕುಲ್ಸುಮಳ ಅಡಿಗೆಗಾದರೆ ಮಕ್ಕಳು ಮೂಗು ಮುರಿಯುತ್ತಿದ್ದರು, ಅತ್ತೆ ಗದರುತ್ತಿದ್ದರು. ಫರೀದಾಳ ಸೀದ ಬೇಳೆಗೆ ಮಾತ್ರ ಹೊಗಳಿಕೆ. ಕೇಳಿದಾಗಲೆಲ್ಲ ಅವಳಿಗೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಹೊಗಳುವವರು ಇನ್ನೂ ಪೂರ್ತಿ ಒಳಗೆ ಬಿಟ್ಟುಕೊಂಡಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೈಬೂಬ ಕೊನೆಗೆ ನಂದೂರಿನ ಮಿಲ್ಲಿಗೂ ಹೋದ. ಸುಟ್ಟ ಮೋಟಾರೊಂದನ್ನು ಎರಡು ದಿನ ಕೂತು ಸರಿಮಾಡಿದ. ಆಮೇಲೆ ಹತ್ತು ದಿನ ಯಾವ ಮೋಟಾರೂ ಕೆಡಲಿಲ್ಲ. "ಕೆಡಲಿ ಅಂತ ದುವಾ ಮಾಡಲೇನು?" ಎಂದು ಅಣ್ಣನ ಮೇಲೆ ರೇಗಿದ. ಬುರ್ಹಾನುದ್ದೀನ್ "ತೂಕಕ್ಕ ನಿಲ್ಲು, ಚೀಲ ಎಣಸು" ಎಂದ. "ನನ್ನ ಕೈ ಚೀಲ ಎಣಸೂ ಕೈ ಅಲ್ಲ ಭಾಯಿಜಾನ್" ಎಂದು ಮೈಬೂಬ ಮತ್ತೆ ಏಜೆಂಟನ ಅಂಗಡಿಯ ದಾರಿ ಹಿಡಿದ.

ಡಿಸೆಂಬರ್ ಎರಡನೇ ವಾರ ಕಾಗದ ಬಂತು. ಕುವೈತಿನಲ್ಲಿ ಅವನ ಮೇಲಧಿಕಾರಿಯಾಗಿದ್ದವನು ಈಗ ಶಾರ್ಜಾದಲ್ಲಿ ಸ್ವಂತ ವರ್ಕ್‌ಶಾಪ್ ಹಾಕಿದ್ದ. ಕೆಲಸ ಖಾತ್ರಿ, ಸಂಸಾರಕ್ಕೂ ವೀಸಾ, ಇರಲು ಎರಡು ಕೋಣೆ. ಮೈಬೂಬ ಕಾಗದ ಹಿಡಿದು ಮೆಟ್ಟಿಲು ಹಾರುತ್ತ ಮಾಳಿಗೆಗೆ ಬಂದ. ಫರೀದಾ ಬಿಸಿಲಿಗೆ ಹರವಿದ ಮೆಣಸಿನಕಾಯಿ ತಿರುವುತ್ತಿದ್ದಳು. ಮೂರು ತಿಂಗಳಲ್ಲಿ ಅವನ ಮುಖದಲ್ಲಿ ಅಂಥ ಕಳೆ ಅವಳು ಕಂಡಿರಲಿಲ್ಲ.

"ಮೂರೂ ಮಂದಿ ಹೋಗೂದು. ಲತೀಫಾಗ ಅಲ್ಲಿ ಸಾಲಿ ಅದ. ಮುಂದಿನ ಗುರುವಾರ ಮುಂಬಯಿ ರೈಲಿಗಿ ಟಿಕೀಟ್ ತರ್ತೀನಿ."

ಫರೀದಾ ಮೆಣಸಿನಕಾಯಿ ತಿರುವುವುದನ್ನು ನಿಲ್ಲಿಸಲಿಲ್ಲ. "ನಿಮಗಷ್ಟೆ ತರ್ರಿ. ನಾ ಬರೂದಿಲ್ಲ."

ಅವನಿಗೆ ಅರ್ಥವೇ ಆಗಲಿಲ್ಲ. "ಯಾಕ? ಅಲ್ಲಿ ಲಡಾಯಿ ಇಲ್ಲ."

"ಲಡಾಯಿಗಿ ಅಂಜಿ ಅಲ್ಲ. ಶಾರ್ಜಾ ಆದ ಮ್ಯಾಲ ಎಲ್ಲಿ? ಅವರು ಹೋಗು ಅಂದಾಗ ಮತ್ತ ಎರಡು ಚೀಲ ಹೊತಗೊಂಡು ಎಲ್ಲಿ ನಿಂದರಬೇಕು? ಇಲ್ಲಿಗಿ ಬಂದರ ಮತ್ತ ಮೆಹಮಾನ್."

"ಹುಚ್ಚಿ, ಇಲ್ಲಿ ನಿನಗ ಏನದ?"

"ಗುರುವಾರ ನನ್ನ ಪಾಳಿ ಅದ."

ಮೈಬೂಬ ನಗಲು ನೋಡಿದ. ಅವಳ ಮುಖ ನೋಡಿ ನಗು ಬರಲಿಲ್ಲ. ಮಾಳಿಗೆಯ ಕಟ್ಟೆಯ ಮೇಲೆ ಕುಸಿದು ಕೂತ.

"ನಿನಗ ಒಲಿ ಸಿಕ್ತು ಫರೀದಾ. ನನಗ ಇಲ್ಲಿ ಏನ್ ಸಿಕ್ತು? ಈ ಊರಾಗ ನಾಕು ಬ್ಯಾಂಕಿನಾಗ ನಾಕು ಏಸಿ. ಇಲ್ಲೇ ಕುಂತರ ನನ್ನ ಕೈಗಿ ತುಕ್ಕು ಹಿಡೀತದ. ನಾ ಸುಮ್ಮ ಹೋಗಾಕತ್ತಿಲ್ಲ."

"ಗೊತ್ತದ. ಅದಕ್ಕ ನಿಮಗ ಬ್ಯಾಡ ಅನ್ನಲಿಲ್ಲ."

"ನನಗ ಒಬ್ಬಾವನಿಗಿ ಅಲ್ಲಿ ಯಾರದಾರ?"

ಫರೀದಾ ಮೆಣಸಿನಕಾಯಿ ತಿರುವುವುದನ್ನು ನಿಲ್ಲಿಸಿದಳು. ಹನ್ನೆರಡು ವರ್ಷ ಇವನ ಹಿಂದೆ ನಡೆದವಳು ಈಗ ಕಾಲೂರಿ ನಿಂತರೆ ಇವನು ಒಂಟಿಯಾಗುತ್ತಾನೆ. ಇವನ ಜೊತೆ ನಡೆದರೆ ತನ್ನ ಕಾಲ ಕೆಳಗೆ ನೆಲವಿಲ್ಲ. ಎರಡೂ ನಿಜ. ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು. ಆದರೆ ಬರುತ್ತೇನೆ ಎಂಬ ಮಾತು ಬಾಯಿಂದ ಬರಲಿಲ್ಲ.

ಲತೀಫಾ ವಿಷಯ ತಿಳಿದು ಕಾಲು ಅಪ್ಪಳಿಸಿದಳು. "ನಾ ಅಬ್ಬಾನ ಜೋಡಿ ಹೋಗ್ತೀನಿ. ಇದು ನಮ್ಮ ಮನಿ ಅಲ್ಲ" ಎಂದಳು. "ಹಂಗಂದ್ರ ಯಾವುದು?" ಎಂದು ಕುಲ್ಸುಮ್ ಕೇಳಿದರೆ, ಹುಡುಗಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿದಳು. ತಾಯಿಯ ಜೊತೆ ಮೂರು ದಿನ ಮಾತು ಬಿಟ್ಟಳು.

ಅಕ್ಬರಿ ಬೇಗಂ ಸೊಸೆಗೆ ಹೋಗೆಂದೂ ಹೇಳಲಿಲ್ಲ, ಇರೆಂದೂ ಹೇಳಲಿಲ್ಲ. ಒಮ್ಮೆ ಮಾತ್ರ, ಅಕ್ಕಿ ಆರಿಸುತ್ತ, "ಗಂಡನ ಬಿಟ್ಟು ಇರೂದು ಹಗರ ಅಲ್ಲ, ವಿಚಾರ ಮಾಡು" ಎಂದರು. "ಮಾಡೀನಿ" ಎಂದಳು ಫರೀದಾ. ಅಷ್ಟೇ.

ಗುರುವಾರ ಹತ್ತು ಗಂಟೆಗೆ ಮೈಬೂಬ ಹೊರಟ. ಕೈಯಲ್ಲಿ ಒಂದೇ ಚೀಲ. ಅವನನ್ನು ಕಳಿಸಲು ತಾಯಿ, ಅಣ್ಣ, ಅತ್ತಿಗೆ, ಮಕ್ಕಳು ಎರಡು ಆಟೋ ತುಂಬ ಸ್ಟೇಷನ್ನಿಗೆ ಹೋದರು. ಫರೀದಾ ಹೋಗಲಿಲ್ಲ. ಒಂದು ಗಂಟೆಗೆ ಎಲ್ಲರಿಗೂ ಊ‌ಟವಾಗಬೇಕು, ಬುರ್ಹಾನುದ್ದೀನ್ ಎರಡನೇ ಪಾಳಿಗೆ ಮಿಲ್ಲಿಗೆ ಹೋಗಬೇಕು. ಅದು ಎಲ್ಲರಿಗೂ ಹೇಳಿದ ನೆವ. ನಿಜ ಬೇರೆ ಇತ್ತು. ರೈಲಿನ ಬಾಗಿಲಲ್ಲಿ ಅವನು ಕೈ ಚಾಚಿದರೆ ತಾನು ಹತ್ತಿಬಿಡುತ್ತೇನೆಂಬ ಹೆದರಿಕೆ ಅವಳಿಗೆ. ಹೊಸ್ತಿಲ ಹತ್ತಿರ ಮೈಬೂಬ "ಎರಡು ವರ್ಷ" ಎಂದ. "ಕಾಗದ ಬರೀರಿ" ಎಂದಳು.

ಆಟೋ ಓಣಿಯ ತಿರುವು ದಾಟಿದ ಮೇಲೆ ಒಳಗೆ ಬಂದು ಬೇಳೆ ಇಟ್ಟಳು. ಹುಣಸೆ ಹಿಂಡಿದಳು, ಉಪ್ಪು ಹಾಕಿದಳು. ದೂರದಲ್ಲಿ ರೈಲು ಕೂಗಿತು. ಅದು ಮುಂಬಯಿಯದೋ ಬೇರೆಯದೋ, ಅವಳು ಕಿವಿಗೊಟ್ಟು ನಿಂತಳು. ಆಮೇಲೆ ಒಗ್ಗರಣೆ ಕೊಟ್ಟು ಮತ್ತೆ ಉಪ್ಪು ಹಾಕಿದಳು.

ಒಂದು ಗಂಟೆಗೆ ಎಲ್ಲರೂ ದಸ್ತರ್‌ಖಾನಿನ ಸುತ್ತ ಕೂತರು. ಅತ್ತು ಕೆಂಪಾದ ಕಣ್ಣುಗಳು. ಬುರ್ಹಾನುದ್ದೀನ್ ಒಂದು ತುತ್ತು ಬಾಯಿಗಿಟ್ಟವನು ನೀರಿಗೆ ಕೈ ಚಾಚಿದ. ಕುಲ್ಸುಮ್ ತಲೆ ತಗ್ಗಿಸಿ ಬರಿ ಅನ್ನ ಕಲಸತೊಡಗಿದಳು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು.

ಅಕ್ಬರಿ ಬೇಗಂ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಇದೇನು ಬ್ಯಾಳಿಯೋ, ಉಪ್ಪಿನ ನೀರೋ? ಗಂಡ ಊರಿಗಿ ಹೋದ ಅಂತ ಮನಿಮಂದಿಗೆಲ್ಲಾ ಉಪ್ಪು ಕುಡಸ್ತೀಯೇನು? ಬುರ್ಹಾನು ಉಪವಾಸ ಹೋಗಬೇಕೇನು ಕೆಲಸಕ್ಕ? ಎದ್ದೇಳು. ನೀರು ಹಾಕಿ ಕುದಿಸಿ ತಾ."

ಫರೀದಾ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ಬೇಳೆಗೆ ಎರಡು ಲೋಟ ನೀರು ಬೆರೆಸಿ ಒಲೆಗೇರಿಸಿ, ಅದರ ಮುಂದೆ ಕೂತು ಮನಸಾರೆ ಅತ್ತಳು. ಸಮಾಧಾನ ಹೇಳಲು ಒಳಗೆ ಯಾರೂ ಬರಲಿಲ್ಲ.

"ಕುದೀತೇನು? ಹೊತ್ತಾಗಾಕತ್ತದ" ಎಂದು ಹೊರಗಿನಿಂದ ಕುಲ್ಸುಮ್ ಕೂಗಿದಳು.

"ಬಂದೆ ಭಾಬಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಹನಿ ಅಂಗೈಗೆ ಹಾಕಿ ರುಚಿ ನೋಡಿ, ಅವಳು ಬೋಗುಣಿ ಇಳಿಸಿದಳು.